ಕಾನೂನು ಪ್ರಶ್ನೋತ್ತರ: ಬಾಯಿಮಾತಿನ ‘ಇಲ್ಲ’ಕ್ಕೆ ಮೇಲ್ಮನವಿಯಿಲ್ಲ

ಈ ತಿಂಗಳು ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗವೈಕಲ್ಯದ ಮಾಸಾಶನ, ಪರಿಹಾರ ಮತ್ತು ಪಿಂಚಣಿಗೆ ಸಂಬಂಧಿಸಿದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಊರಿನ ಗುರುತನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆ ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಕೂಲಿ ಮಾಡುತ್ತಿದ್ದರು. 2025ರ ಮಾರ್ಚ್‌ನಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ಸಿಲ್ವರ್ ಓಕ್ ಮರದಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಬಲಗೈ ಮಣಿಕಟ್ಟೂ ನೆಟ್ಟಗೆ ಕೂಡಿಲ್ಲ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ. 35 ಎಂದು ಬರೆದಿದ್ದಾರೆ. ಶೇ. 40 ಇಲ್ಲದಿದ್ದರೆ ಮಾಸಾಶನದ ಅರ್ಜಿಯನ್ನೇ ಮುಟ್ಟುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿ ಕಳುಹಿಸಿದರು. ತೋಟದವರು ಆಸ್ಪತ್ರೆಯ ಖರ್ಚು ಭರಿಸಿ, ಮೇಲೆ 50,000 ರೂಪಾಯಿ ಕೊಟ್ಟು, ಇನ್ನೇನೂ ಕೇಳುವುದಿಲ್ಲವೆಂದು ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾರೆ. ತಂದೆಗೆ ಈಗ 40 ವರ್ಷ. ವಕೀಲರಿಗೆ ಕೊಡಲು ನಮ್ಮಲ್ಲಿ ಹಣವಿಲ್ಲ. ದಾರಿಯೇನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು, ಸರ್ಕಾರ ಕೊಡುವ ಮಾಸಾಶನ. ಇನ್ನೊಂದು, ತೋಟದ ಮಾಲೀಕರು ಕೊಡಬೇಕಾದ ಅಪಘಾತ ಪರಿಹಾರ. ಮೊದಲನೆಯದು ಪ್ರಮಾಣಪತ್ರದ ಶೇಕಡಾವಾರನ್ನು ಅವಲಂಬಿಸಿದೆ, ಎರಡನೆಯದು ಅದನ್ನೇ ಅವಲಂಬಿಸಿಲ್ಲ. ಹಣದ ಮಟ್ಟಿಗೆ ನೋಡಿದರೆ ನಿಮ್ಮ ಮನೆಗೆ ಎರಡನೆಯದೇ ದೊಡ್ಡದು. ಆದರೆ ನೀವು ಓಡಾಡುತ್ತಿರುವುದು ಮೊದಲನೆಯದಕ್ಕೆ ಮಾತ್ರ.

ಮಾಸಾಶನದ ವಿಷಯವನ್ನು ಮೊದಲು ಮುಗಿಸೋಣ. ಶೇ. 40ರ ಮಾನದಂಡ ಇರುವುದು ನಿಜ, ಆದ್ದರಿಂದ ಕಚೇರಿಯವರು ಹೇಳಿದ ಮಾತಿನಲ್ಲಿ ತಪ್ಪಿಲ್ಲ. ಅರ್ಜಿಯನ್ನು ತೆಗೆದುಕೊಳ್ಳದೆ ಬಾಯಿಮಾತಿನಲ್ಲಿ ಸಾಗಹಾಕಿದ್ದು ಮಾತ್ರ ತಪ್ಪು. ನೀವು ಪ್ರಶ್ನಿಸಬೇಕಾದದ್ದು ಕಚೇರಿಯನ್ನಲ್ಲ, ಶೇ. 35 ಎಂಬ ಅಂಕಿಯನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ, ಪ್ರಮಾಣಪತ್ರ ಕೊಟ್ಟ ಪ್ರಾಧಿಕಾರದ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸಲು ಅವಕಾಶ ಕೊಡುತ್ತದೆ. ಆ ಮೇಲ್ಮನವಿಯಲ್ಲಿ ಏನು ಹೇಳಬೇಕು ಎಂಬುದು ನಿಮ್ಮ ಪತ್ರದಲ್ಲೇ ಅಡಗಿದೆ. ಪ್ರಮಾಣಪತ್ರದ ನಕಲನ್ನು ಇನ್ನೊಮ್ಮೆ ತೆರೆದು, ಅದರಲ್ಲಿ ಸೊಂಟದ ಜೊತೆಗೆ ಬಲ ಮಣಿಕಟ್ಟಿನ ಮಾತು ಇದೆಯೇ ಎಂದು ನೋಡಿ. ಕುಂಟುತ್ತಾ ಬಂದ ಮನುಷ್ಯನ ಕಾಲನ್ನು ವೈದ್ಯಕೀಯ ಮಂಡಳಿ ಪರೀಕ್ಷಿಸುತ್ತದೆ, ಕೈಯ ನೋವನ್ನು ಆತನಾಗಿ ಹೇಳದಿದ್ದರೆ ಅದು ಬಿಟ್ಟುಹೋಗುತ್ತದೆ. ಎರಡು ಕಡೆ ಊನವಿದ್ದಾಗ ಅವನ್ನು ಸುಮ್ಮನೆ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ: ಹೆಚ್ಚಿನ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಕಡಿಮೆ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಹೆಚ್ಚಿನ ಅಂಕಿಗೆ ಸೇರಿಸುತ್ತಾರೆ. ಸೊಂಟಕ್ಕೆ 35 ಇದ್ದು, ಮಣಿಕಟ್ಟಿಗೆ 10 ಎಂದಾದರೆ, 55ನ್ನು 10ರಿಂದ ಗುಣಿಸಿ 90ರಿಂದ ಭಾಗಿಸಿದಾಗ 6.1 ಬರುತ್ತದೆ. ಒಟ್ಟು 41.1. ಶೇ. 40ರ ಗೆರೆ ದಾಟಲು ಅಷ್ಟು ಸಾಕು. ಮಣಿಕಟ್ಟಿಗೆ ಎಷ್ಟು ಬರುತ್ತದೆ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅದನ್ನು ಅಳೆದೇ ಇಲ್ಲವೆಂಬುದು ಮೇಲ್ಮನವಿಗೆ ಗಟ್ಟಿಯಾದ ಕಾರಣ. ಮಣಿಕಟ್ಟಿನ ಎಕ್ಸ್‌ರೇ ಮತ್ತು ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಜೊತೆಗಿಟ್ಟು, ತಡಮಾಡದೆ ಸಲ್ಲಿಸಿ.

ಶೇ. 40 ದಾಟಿದ ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಸಕಾಲದ (ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ರಾಜ್ಯದ ವ್ಯವಸ್ಥೆ) ಸಂಖ್ಯೆಯಿರುವ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಿರಿ. ಮಾಸಾಶನದ ಅರ್ಜಿಗೆ ಸಕಾಲದಲ್ಲಿ 45 ದಿನಗಳ ಗಡುವಿದೆ. ತಿರಸ್ಕರಿಸುವುದಾದರೆ ಕಾರಣ ಬರೆದ ಹಿಂಬರಹ ಕೊಡಬೇಕು. ಅದು ಕೈ ಸೇರಿದ 30 ದಿನಗಳೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹೋಗುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ಅದನ್ನು ಕೇಳಿದ ಅರ್ಜಿಯ ಕಡತ ಮೇಜಿನ ಕೆಳಗೆ ಹೆಚ್ಚು ದಿನ ಉಳಿಯುವುದಿಲ್ಲವೆಂಬುದು ನನ್ನ ಅನುಭವ. ‘ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂದರೆ ಅದನ್ನೇ ಹಿಂಬರಹದಲ್ಲಿ ಬರೆದುಕೊಡಲು ವಿನಯವಾಗಿ ಕೇಳಿ. ಕೊಡದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನ ‘ಇಲ್ಲ’ದ ಮೇಲೆ ಯಾವ ವಕೀಲರೂ ಮೇಲ್ಮನವಿ ಬರೆಯಲಾರರು.

ಇನ್ನು ತೋಟದ ಪರಿಹಾರ. ಇಲ್ಲಿ ನಿಮ್ಮ ಹಕ್ಕು 1923ರ ನೌಕರರ ಪರಿಹಾರ ಕಾಯ್ದೆಯಿಂದ ಬರುತ್ತದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆಯಾದರೂ ನಿಮ್ಮ ತಂದೆಯ ಅಪಘಾತ ಅದಕ್ಕೂ ಮೊದಲಿನದು. ಕಾಫಿ ತೋಟದ ಕೆಲಸ ಆ ಕಾಯ್ದೆಯ ಪಟ್ಟಿಯಲ್ಲಿ ಹೆಸರಿಸಿರುವ ಕೆಲಸಗಳಲ್ಲೊಂದು. ಮೆಣಸಿನ ಕೊಯ್ಲನ್ನು ಗುತ್ತಿಗೆಗೆ ಕೊಟ್ಟಿದ್ದೆವು, ಆತ ನಮ್ಮ ಆಳಲ್ಲ ಎಂದು ತೋಟದವರು ಮುಂದೆ ಹೇಳಬಹುದು. 12ನೇ ಕಲಂ ಆ ಬಾಗಿಲನ್ನು ಮುಚ್ಚಿದೆ: ಗುತ್ತಿಗೆದಾರನ ಆಳಿಗೂ ಪರಿಹಾರ ಕೊಡಬೇಕಾದವನು ಕೆಲಸ ಮಾಡಿಸಿಕೊಂಡ ಮಾಲೀಕನೇ, ಬೇಕಿದ್ದರೆ ಆತ ಅದನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ.

ಛಾಪಾ ಕಾಗದದ ಬಗ್ಗೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಒಪ್ಪಂದ ಅಷ್ಟರ ಮಟ್ಟಿಗೆ ಶೂನ್ಯವೆಂದು 17ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಶಾಶ್ವತ ಊನಕ್ಕೆ ಒಟ್ಟು ಮೊತ್ತ ಕೊಟ್ಟು ಮುಗಿಸುವ ಒಪ್ಪಂದವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಲೇಬೇಕು. ಕೂಲಿಯವರ ಲೈನ್ ಮನೆಯ ಜಗುಲಿಯ ಮೇಲೆ, ತೋಟದ ರೈಟರ್ (ಗುಮಾಸ್ತ) ಓದಿ ಹೇಳಿದ್ದನ್ನು ನಂಬಿ ಒತ್ತಿದ ಹೆಬ್ಬೆಟ್ಟಿಗೆ ಆ ಬೆಲೆ ಬರುವುದಿಲ್ಲ. ಪಡೆದ 50,000ವನ್ನು ಮುಚ್ಚಿಡದೆ ಅರ್ಜಿಯಲ್ಲಿ ಹೇಳಿಬಿಡಿ, ಅದಕ್ಕೂ ಲೆಕ್ಕವಿದೆ.

ಪರಿಹಾರ ಎಷ್ಟು ಎಂಬಲ್ಲಿಯೇ ನಿಜವಾದ ಜಗ್ಗಾಟ. ಪೂರ್ಣ ಶಾಶ್ವತ ಊನಕ್ಕೆ ಮಾಸಿಕ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುತ್ತಾರೆ. 40ನೇ ವಯಸ್ಸಿಗೆ ಆ ಗುಣಾಂಕ 184.17. ತಂದೆಯ ಕೂಲಿ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಂಡರೆ 7,200ನ್ನು 184.17ರಿಂದ ಗುಣಿಸಬೇಕು, ಅಂದರೆ 13,26,024 ರೂಪಾಯಿ. ಭಾಗಶಃ ಊನವಾದರೆ ಇದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಆ ಪಾಲನ್ನು ನಿರ್ಧರಿಸುವುದು ದೇಹಕ್ಕೆ ಎಷ್ಟು ಊನವಾಯಿತು ಎಂಬುದಲ್ಲ, ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು. ಎದುರು ಪಕ್ಷದವರು ಶೇ. 35ರ ಪ್ರಮಾಣಪತ್ರವನ್ನೇ ಮುಂದಿಟ್ಟು 4,64,108 ರೂಪಾಯಿಗೆ ನಿಲ್ಲಿಸಲು ನೋಡುತ್ತಾರೆ. ಹಾಗೆ ನಿಲ್ಲಬೇಕಾಗಿಲ್ಲ. ಮೊಣಕೈ ಮೇಲೆ ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಆತನ ದುಡಿಮೆಯ ನಷ್ಟ ಪೂರ್ಣವೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1976ರಲ್ಲಿ ವರದಿಯಾದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ತೀರ್ಪು ಅದು. ಒಂಟಿ ಬಿದಿರಿನ ಏಣಿಯ ಗಿಣ್ಣಿನ ಮೇಲೆ ಹೆಬ್ಬೆರಳೂರಿ, ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದರಲ್ಲಿ ಮೆಣಸಿನ ಗೊನೆ ಕೀಳುತ್ತಿದ್ದ ಮನುಷ್ಯ ಸೊಂಟವೂ ಮಣಿಕಟ್ಟೂ ಕೆಟ್ಟ ಮೇಲೆ ಯಾವ ಮರ ಹತ್ತಿಯಾನು? ಈ ಪ್ರಶ್ನೆಯನ್ನು ಮೂಳೆ ತಜ್ಞರ ಸಾಕ್ಷ್ಯದ ಮೂಲಕ ನಿಮ್ಮ ವಕೀಲರು ಕೇಳಿಸಬೇಕು.

ಅಪಘಾತ ನಡೆದ ಎರಡು ವರ್ಷಗಳೊಳಗೆ, ಎಂದರೆ 2027ರ ಮಾರ್ಚ್‌ಗೆ ಮೊದಲು ಅರ್ಜಿ ದಾಖಲಾಗಲಿ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದುದಕ್ಕೆ ಶೇ. 12ರ ಬಡ್ಡಿಯನ್ನೂ ಕೇಳಿ. ಎಲ್ಲಕ್ಕಿಂತ ಮೊದಲು ಆಸ್ಪತ್ರೆಗೆ ಸೇರಿಸಿದ ದಿನದ ದಾಖಲೆಯ ನಕಲನ್ನು ಪಡೆದು, ಗಾಯ ಹೇಗಾಯಿತು ಎಂಬ ಸಾಲನ್ನು ಓದಿಸಿ. ‘ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು’ ಎಂದು ಬರೆಸಿದ್ದ ದಾಖಲೆಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಜೀಪಿನಲ್ಲಿ ಕರೆತಂದವರು ಹೇಳಿದ್ದನ್ನೇ ಕರ್ತವ್ಯದಲ್ಲಿದ್ದ ವೈದ್ಯರು ಬರೆದುಕೊಳ್ಳುತ್ತಾರೆ. ಹಾಗೇನಾದರೂ ಇದ್ದರೆ, ಆ ದಿನ ಪಕ್ಕದ ಮರದಲ್ಲಿದ್ದ ಕೆಲಸಗಾರರ ಹೇಳಿಕೆ ಈಗಲೇ ಬೇಕು. ಕೊಯ್ಲು ಮುಗಿದ ಮೇಲೆ ಅವರು ಯಾವ ತೋಟದಲ್ಲಿರುತ್ತಾರೋ ಯಾರಿಗೆ ಗೊತ್ತು.

ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಡಿ ಅಂಗವಿಕಲರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿಯಿದೆ, ಕೂಲಿಯಿಂದ ಬದುಕುವ ಕುಟುಂಬ ಆ ಮಿತಿಯೊಳಗೇ ಇರುತ್ತದೆ. ನೆರವು ಎಂದರೆ ನ್ಯಾಯಾಲಯದ ಮೊಕದ್ದಮೆ ಮಾತ್ರವಲ್ಲ. ಪ್ರಾಧಿಕಾರ, ನ್ಯಾಯಾಧಿಕರಣಗಳ ಮುಂದಿನ ಕಲಾಪವೂ ಬರಿಯ ಸಲಹೆಯೂ ಅದರೊಳಗೆ ಸೇರಿವೆ. ಆದ್ದರಿಂದ ಪ್ರಮಾಣಪತ್ರದ ಮೇಲ್ಮನವಿಗೂ ಅದೇ ವಕೀಲರನ್ನು ಕೇಳಬಹುದು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದ ಒಂದು ಅರ್ಜಿ ಸಾಕು. ಬರುವುದು ಕಷ್ಟವಾದರೆ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನವಳು. ನನ್ನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ, ಮಾತು ಬಾರದು. ಮಾಸಾಶನ ಅವನ ಖಾತೆಗೆ ಬರುತ್ತಿತ್ತು, ನಾನೇ ಸಹಿ ಮಾಡಿ ತೆಗೆಯುತ್ತಿದ್ದೆ. ಅವನಿಗೆ 18 ತುಂಬಿದ ಮೇಲೆ ನ್ಯಾಯಾಲಯದಿಂದ ಪೋಷಕತ್ವದ ಆದೇಶ ತರಬೇಕೆಂದು ಬ್ಯಾಂಕಿನವರು ಹೇಳುತ್ತಿದ್ದಾರೆ. ಹೆತ್ತ ತಾಯಿಗೂ ಆದೇಶ ಬೇಕೇ?

ಉತ್ತರ: ಬೇಕು, ಆದರೆ ಅದನ್ನು ತರಲು ನ್ಯಾಯಾಲಯದ ಮೆಟ್ಟಿಲೇರಬೇಕಾಗಿಲ್ಲ. 18 ತುಂಬಿದ ದಿನ ತಂದೆತಾಯಿಯರ ಸಹಜ ಪೋಷಕತ್ವ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತದೆ. 18 ವರ್ಷ ಊಟ ಮಾಡಿಸಿದ ಕೈಗೆ ಇದು ಅವಮಾನವೆನಿಸುವುದು ಸಹಜ. ಇಂಥ ಮನೆಗಳಿಗಾಗಿಯೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯವಿರುವವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಅದರಲ್ಲಿರುತ್ತಾರೆ. ಮಡಿಕೇರಿಯಲ್ಲಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯನ್ನು ಕೇಳಿದರೆ ಅರ್ಜಿಯ ದಾರಿ ತಿಳಿಯುತ್ತದೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಅವರೂ ಹೆಚ್ಚಾಗಿ ಅಂಗವಿಕಲರೇ ಆಗಿದ್ದು, ಯಾವ ಕಾಗದ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಬಲ್ಲವರು.

ನೇಮಕವಾದ ಮೇಲೆ ಒಂದು ಹೊಣೆಯುಂಟು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆರು ತಿಂಗಳೊಳಗೆ ಮಗನ ಆಸ್ತಿ ಮತ್ತು ಹಣದ ಪಟ್ಟಿ ಕೊಡಬೇಕು, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿಮ್ಮ ಮಗನಿಗೆ ಮಾಸಾಶನವೊಂದೇ ಆದಾಯವಾದರೆ ಅರ್ಧ ಹಾಳೆ ಸಾಕು. ಜಮ್ಮಾ ಜಮೀನಿನಲ್ಲಿ (ಕೊಡಗಿನ ವಂಶಪಾರಂಪರ್ಯದ ಜಮೀನು) ಪಾಲಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಮುಂದೆ ಅವನ ಪಾಲನ್ನು ಕಾಯುವ ದಾಖಲೆಯೂ ಅದೇ ಆಗುತ್ತದೆ. ಸಮಿತಿಯ ಪ್ರಮಾಣಪತ್ರ ತಂದರೂ ಬ್ಯಾಂಕು ಒಪ್ಪದಿದ್ದರೆ ಶಾಖೆಯ ವ್ಯವಸ್ಥಾಪಕರಿಂದ ಕಾರಣವನ್ನು ಬರಹದಲ್ಲಿ ಪಡೆದು ಕಾನೂನು ಸೇವಾ ಪ್ರಾಧಿಕಾರಕ್ಕೆ ಬನ್ನಿ. ನೀವು ಮಹಿಳೆ, ನಿಮ್ಮ ಮಗ ಅಂಗವಿಕಲ, ಇಬ್ಬರಿಗೂ ಆದಾಯದ ಪ್ರಶ್ನೆಯಿಲ್ಲದೆ ನೆರವು ಸಿಗಬೇಕು. ಮಾನಸಿಕ ಕಾಯಿಲೆಯಿರುವವರ ಮನೆಯವರು ಈ ಉತ್ತರವನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅದು ಈ ಕಾಯ್ದೆಯೊಳಗೆ ಬರುವುದಿಲ್ಲ.

ಪ್ರಶ್ನೆ: ನಾನು ಸೇನೆಯಲ್ಲಿ 17 ವರ್ಷ ದುಡಿದು 2012ರಲ್ಲಿ ನಿವೃತ್ತನಾದ ಹವಿಲ್ದಾರ. ಬಿಡುಗಡೆಯ ವೈದ್ಯಕೀಯ ಮಂಡಳಿ ರಕ್ತದೊತ್ತಡಕ್ಕೆ ಜೀವಮಾನದ ಶೇ. 30 ಊನ ಎಂದು ಬರೆದು, ಆದರೆ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ ಎಂದಿತು. ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ. ಇಷ್ಟು ವರ್ಷಗಳ ಮೇಲೆ ಕೇಳಬಹುದೇ?

ಉತ್ತರ: ಕೇಳಬಹುದು. ನಿಮ್ಮ ಪ್ರಕರಣದ ತಿರುಳು 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿದೆ. ಭರ್ತಿಯ ದಿನ ಯಾವ ಕಾಯಿಲೆಯನ್ನೂ ದಾಖಲಿಸದೆ ಸೈನಿಕನನ್ನು ಸೇರಿಸಿಕೊಂಡಿದ್ದರೆ, ಆಗ ಆತ ಆರೋಗ್ಯವಂತನಾಗಿದ್ದನೆಂದೂ ಮುಂದೆ ಬಂದ ಊನ ಸೇವೆಗೆ ಸಂಬಂಧಿಸಿದ್ದೆಂದೂ ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊರೆ ಸೇನೆಯದು, ಅದಕ್ಕೆ ಮಂಡಳಿ ಕಾರಣಗಳನ್ನು ಬರೆಯಬೇಕು. ‘ಸೇವೆಗೆ ಸಂಬಂಧವಿಲ್ಲ’ ಎಂಬ ಒಂದು ಸಾಲು ಕಾರಣವಾಗುವುದಿಲ್ಲ. 2023ರ ಸೆಪ್ಟೆಂಬರ್ 21ರಿಂದ ನಿಯಮಗಳು ಬದಲಾಗಿವೆ. ನೀವು ಅದಕ್ಕೂ ಬಹಳ ಮೊದಲು ಹೊರಬಂದವರಾದ್ದರಿಂದ ಹಳೆಯ ನಿಯಮಗಳ ಮೇಲೆ ನಿಲ್ಲಬಹುದು.

ತಡವಾದದ್ದರಿಂದ ಹಕ್ಕು ಹೋಗಿಲ್ಲ, ಬಾಕಿ ಮಾತ್ರ ಕರಗಿದೆ. ಪಿಂಚಣಿ ತಿಂಗಳು ತಿಂಗಳಿಗೂ ಹೊಸದಾಗಿ ಹುಟ್ಟುವ ಹಕ್ಕಾದರೂ, 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಗಳಿಗೆ ಸೀಮಿತವಾಗುತ್ತದೆ. ಅಂದರೆ ನೀವು ಕಾದ ಪ್ರತಿ ತಿಂಗಳೂ ಒಂದು ತಿಂಗಳ ಬಾಕಿಯನ್ನು ಕಳೆದುಕೊಳ್ಳುತ್ತಿದ್ದೀರಿ. ಇನ್ನೊಂದು ಲಾಭವನ್ನು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ: ಶೇ. 50ಕ್ಕಿಂತ ಕಡಿಮೆಯ ಊನವನ್ನು ಪಿಂಚಣಿಯ ಲೆಕ್ಕಕ್ಕೆ 50 ಎಂದೇ ಹಿಡಿಯುವ ಪದ್ಧತಿಯನ್ನು, ಅವಧಿ ಮುಗಿಸಿ ನಿವೃತ್ತರಾದವರಿಗೂ 2014ರ ರಾಮ್ ಅವತಾರ್ ತೀರ್ಪು ವಿಸ್ತರಿಸಿದೆ.

ಮೊದಲು ಮಂಡಳಿಯ ನಡಾವಳಿಯ ಪೂರ್ತಿ ನಕಲು ಮತ್ತು ತಿರಸ್ಕಾರದ ಪತ್ರ ನಿಮ್ಮ ಬಳಿ ಇವೆಯೇ ನೋಡಿ. ಗೋಡೆಯ ಮೇಲೆ ಪಲ್ಟನ್ನಿನ ಗುಂಪು ಚಿತ್ರವನ್ನು ಗಾಜು ಹಾಕಿಸಿ ಜೋಪಾನ ಮಾಡುವ ನಮ್ಮ ಮನೆಗಳಲ್ಲಿ ಡಿಸ್ಚಾರ್ಜ್ ಪುಸ್ತಕ ಮಾತ್ರ ಟ್ರಂಕಿನ ತಳದಲ್ಲಿ ಮಳೆಗಾಲದ ಬೂಷ್ಟು ಹಿಡಿದು ಬಿದ್ದಿರುತ್ತದೆ. ಪುಟಗಳು ಅಂಟಿಕೊಂಡಿದ್ದರೆ ಎಳೆಯಬೇಡಿ, ನೆರಳಲ್ಲಿ ಒಣಗಿಸಿ ಬಿಡಿಸಿ. ಕಾಗದ ಇಲ್ಲವೇ ಇಲ್ಲವೆಂದಾದರೆ ನಿಮ್ಮ ರೆಜಿಮೆಂಟಿನ ದಾಖಲೆ ಕಚೇರಿಗೆ ಸೇವಾ ಸಂಖ್ಯೆಯೊಂದಿಗೆ ಬರೆದು ತರಿಸಿಕೊಳ್ಳಿ. ತಿರಸ್ಕಾರದ ವಿರುದ್ಧ ಸೇನೆಯೊಳಗಿನ ಮೇಲ್ಮನವಿ ಮುಗಿದ ಬಳಿಕ ಮುಂದಿನ ಹೆಜ್ಜೆ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೊದಲು ವಿಚಾರಿಸಿ. ಸೈನಿಕರ ಮತ್ತು ಅವರ ಕುಟುಂಬಗಳ ಕಾನೂನು ನೆರವಿಗೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ.

ಪ್ರಶ್ನೆ: ಅಪಘಾತದ ಪರಿಹಾರ ಕೊಡಿಸುತ್ತೇನೆ, ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಡಿ ಎಂದು ಒಬ್ಬರು ವಕೀಲರು ಕೇಳುತ್ತಿದ್ದಾರೆ. ಉಚಿತ ವಕೀಲರು ಸರಿಯಾಗಿ ನಡೆಸುವುದಿಲ್ಲವೆಂದು ಊರವರು ಹೇಳುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಫಲಿತಾಂಶಕ್ಕೆ ತಕ್ಕ ಶುಲ್ಕ ಗೊತ್ತುಮಾಡುವುದನ್ನೂ ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ನಿಗದಿತ ಶುಲ್ಕವನ್ನು ಬರಹದಲ್ಲಿ ಹೇಳಲು ಅವರನ್ನು ಕೇಳಿ. ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಉಚಿತ ವಕೀಲರ ಬಗ್ಗೆ ಊರವರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಶ್ರದ್ಧೆಯವರೂ ಇದ್ದಾರೆ, ವಾಯಿದೆ ಪಡೆದು ಮರೆಯುವವರೂ ಇದ್ದಾರೆ, ಶುಲ್ಕ ಪಡೆಯುವವರಲ್ಲಿ ಇರುವಂತೆಯೇ. ವ್ಯತ್ಯಾಸವೆಂದರೆ, ಪ್ರಾಧಿಕಾರ ನೇಮಿಸಿದ ವಕೀಲರು ಸರಿಯಿಲ್ಲವೆನಿಸಿದರೆ ಕಾರಣ ಬರೆದು ಪ್ರಾಧಿಕಾರದ ಕಾರ್ಯದರ್ಶಿಗೇ ಅರ್ಜಿ ಕೊಟ್ಟು ಬೇರೆಯವರನ್ನು ಕೇಳಬಹುದು. ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿ ಸ್ವತಃ ನ್ಯಾಯಾಧೀಶರು. ನೇಮಕಗೊಂಡವರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ಅದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಮೊದಲ ಭೇಟಿಗೆ ಹೋಗುವಾಗ ಆಧಾರ್, ಪಡಿತರ ಚೀಟಿ, ಅಂಗವೈಕಲ್ಯ ಪ್ರಮಾಣಪತ್ರ, ಆಸ್ಪತ್ರೆಯ ಕಾಗದಗಳು, ಇದುವರೆಗೆ ಬಂದ ಹಿಂಬರಹಗಳು ಇಷ್ಟನ್ನೂ ಎರಡೆರಡು ನಕಲು ಮಾಡಿಸಿಕೊಳ್ಳಿ. ಮೂಲ ಪ್ರತಿಯನ್ನು ತೋರಿಸಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಜೂನ್‌ನಿಂದ ಆಚೆಗೆ ಹೋಗುವುದಾದರೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಳ್ಳಿ. ಬಸ್ ನಿಲ್ದಾಣದಿಂದ ಕಚೇರಿ ತಲುಪುವಷ್ಟರಲ್ಲಿ ಮಡಿಕೇರಿಯ ಮಳೆ ಶಾಯಿಯನ್ನು ಅಳಿಸಿಬಿಟ್ಟಿರುತ್ತದೆ.